ಆಂಜಿಯೋಪ್ಲಾಸ್ಟಿ ಹೊತ್ತಿಗೆ ಹೃದಯಕ್ಕೆ ಪಂಪ್: ಯಾರಿಗೆ ಬೇಕು, ಯಾವುದು ಸಾಕು, ಎಲ್ಲಿ ಎಡವುತ್ತದೆ

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಆಂಜಿಯೋಗ್ರಾಂನಲ್ಲಿ ಲೆಫ್ಟ್ ಮೇನ್ ನಾಳದಲ್ಲಿ ಶೇ. 80 ಬ್ಲಾಕ್ ಕಂಡಿದೆ, ಬಲಗಡೆಯ ನಾಳ ಪೂರ್ತಿ ಮುಚ್ಚಿದೆ. ಇ.ಎಫ್. (ಒಂದೊಂದು ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಶೇ. 25. ಬೈಪಾಸ್ ತಡೆದುಕೊಳ್ಳಲಾರರು ಎಂದು ಸರ್ಜನ್ ಹೇಳಿದ್ದಾರೆ. ಇಂಪೆಲ್ಲಾ ಎಂಬ ಪಂಪ್ ಹಾಕಿ ಸ್ಟೆಂಟ್ ಮಾಡೋಣ ಎಂದು ಒಬ್ಬ ವೈದ್ಯರು, ಬಲೂನ್ ಪಂಪ್ ಸಾಕು ಎಂದು ಇನ್ನೊಬ್ಬರು, ಯಾವುದೂ ಬೇಡ ಎಂದು ಮೂರನೆಯವರು ಹೇಳುತ್ತಿದ್ದಾರೆ. ಯಾರ ಮಾತು ಕೇಳುವುದು?

ಉತ್ತರ: ಮೂವರೂ ತಿಳಿದೇ ಹೇಳುತ್ತಿರಬಹುದು. ನಿಮ್ಮ ತಂದೆಯವರ ಹೃದಯದಲ್ಲಿ ಇನ್ನೆಷ್ಟು ಕಸುವು ಉಳಿದಿದೆ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಂದಾಜು ಮಾಡಿರುವುದರಿಂದ ಉತ್ತರ ಬೇರೆಯಾಗಿದೆ. ಮೊದಲು ಒಂದು ವಿಷಯ ಸ್ಪಷ್ಟವಾಗಲಿ: ಈ ಪಂಪ್‌ಗಳು ಬ್ಲಾಕ್ ತೆಗೆಯುವುದಿಲ್ಲ, ಹೃದಯವನ್ನು ಗುಣಪಡಿಸುವುದೂ ಇಲ್ಲ. ನಾಳದೊಳಗೆ ಕೆಲಸ ನಡೆಯುವಾಗ ರಕ್ತದೊತ್ತಡ ಕುಸಿಯದಂತೆ ಹಿಡಿದು, ವೈದ್ಯರಿಗೆ ಒಂದಷ್ಟು ನಿಮಿಷ ಸಂಪಾದಿಸಿಕೊಡುತ್ತವೆ. ಅದಕ್ಕೆ ಬೆಲೆ ತೆರುವುದು ಪಂಪ್ ಒಳಹೋಗುವ ತೊಡೆಸಂದಿನ ರಕ್ತನಾಳ. ಹಾಗಾಗಿ ಎಷ್ಟು ನಿಮಿಷ ಬೇಕಾದೀತು, ಆ ಬೆಲೆಯನ್ನು ಅವರ ಕಾಲು ತಾಳೀತೇ ಎಂಬೆರಡನ್ನು ತೂಗಿ ನೋಡಬೇಕು.

ಒತ್ತಡ ಏಕೆ ಕುಸಿಯುತ್ತದೆ ಎಂದು ತಿಳಿದರೆ ಉಳಿದದ್ದು ಸುಲಭ. ಎಡ ಹೃತ್ಕುಕ್ಷಿಯ (ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ) ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಹೃದಯ ಸಡಿಲಗೊಂಡ ಹೊತ್ತಿನಲ್ಲಿ. ಆಗ ಮಹಾಪಧಮನಿಯಲ್ಲಿರುವ ಒತ್ತಡದಿಂದ ಹೃತ್ಕುಕ್ಷಿಯೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದೇ ರಕ್ತವನ್ನು ಸ್ನಾಯುವಿಗೆ ತಳ್ಳುವ ಬಲ. ಗಟ್ಟಿ ಹೃದಯದಲ್ಲಿ 70ರಲ್ಲಿ 10 ಕಳೆದು 60 ಉಳಿಯುತ್ತದೆ ಎಂದುಕೊಳ್ಳಿ. ಸೋತ ಹೃದಯದಲ್ಲಿ ಕೆಳಗಿನ ಬಿ.ಪಿ. 50, ಕುಕ್ಷಿಯೊಳಗಿನ ಒತ್ತಡ 28 ಇದ್ದರೆ ಉಳಿಯುವುದು 22 ಮಾತ್ರ. ಇಂಥ ಹೃದಯದ ಲೆಫ್ಟ್ ಮೇನ್‌ನಲ್ಲಿ ಬಲೂನ್ ಉಬ್ಬಿಸಿದಾಗ ಏನಾಗುತ್ತದೆ? ಎಡ ಹೃತ್ಕುಕ್ಷಿಯ ಸುಮಾರು ಮುಕ್ಕಾಲು ಪಾಲಿಗೆ ರಕ್ತ ಕೊಡುವ ನಾಳ ಅದು. ನಿಮ್ಮ ತಂದೆಯವರಲ್ಲಿ ಬಲನಾಳ ಮುಚ್ಚಿರುವುದರಿಂದ, ಆ ಭಾಗಕ್ಕೂ ಎಡಗಡೆಯಿಂದಲೇ ಸಣ್ಣ ಅಡ್ಡನಾಳಗಳ ಮೂಲಕ ರಕ್ತ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಎಂದರೆ ಇಡೀ ಹೃದಯ ಒಂದೇ ನಾಳಕ್ಕೆ ನೇತುಬಿದ್ದಿದೆ.

ಆಂಜಿಯೋಪ್ಲಾಸ್ಟಿ ನಡೆಯುವ ಕೋಣೆಯಾದ ಕ್ಯಾತ್ ಲ್ಯಾಬ್‌ನ ಪರದೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬಲೂನ್ ಉಬ್ಬಿದ ಹತ್ತು ಹದಿನೈದು ಸೆಕೆಂಡಿಗೆ ಇ.ಸಿ.ಜಿ. ಗೆರೆ ಬದಲಾಗತೊಡಗುತ್ತದೆ, ಕೆಂಪು ಒತ್ತಡದ ಅಲೆಯ ಶಿಖರ ಒಂದೊಂದು ಬಡಿತಕ್ಕೂ ಇಳಿಯುತ್ತದೆ: 110, 95, 80. ಬಲೂನ್ ಇಳಿಸಿದಾಗ ಅಲೆ ಮತ್ತೆ ಏರಿದರೆ ಸರಿ. ಏರದೆ 60ಕ್ಕೆ ನಿಂತರೆ, ಕಡಿಮೆ ಒತ್ತಡದಿಂದ ಸ್ನಾಯುವಿಗೆ ರಕ್ತ ಕಡಿಮೆ, ರಕ್ತ ಕಡಿಮೆಯಾದ್ದರಿಂದ ಹಿಂಡುವ ಶಕ್ತಿ ಕಡಿಮೆ, ಶಕ್ತಿ ಕಡಿಮೆಯಾದ್ದರಿಂದ ಒತ್ತಡ ಇನ್ನೂ ಕಡಿಮೆ ಎಂಬ ಸುಳಿ ಶುರುವಾಯಿತೆಂದು ಅರ್ಥ. ನಾರ್‌ಅಡ್ರಿನಲಿನ್‌ನಂಥ ಔಷಧಿ ಒತ್ತಡವನ್ನೇನೋ ಏರಿಸುತ್ತದೆ, ಆದರೆ ಹಸಿದ ಸ್ನಾಯುವಿನ ಮೇಲೆ ದುಡಿಮೆಯನ್ನೂ ಹೇರುತ್ತದೆ. ಸುಳಿಗೆ ಸಿಕ್ಕಮೇಲೆ ಪಂಪ್ ಹಾಕಲು ಓಡುವುದಕ್ಕಿಂತ, ಬೇಕೆನಿಸಿದವರಿಗೆ ಮೊದಲೇ ಹಾಕಿ ಕೆಲಸ ಆರಂಭಿಸುವುದು ಒಳ್ಳೆಯದು ಎಂಬ ಆಲೋಚನೆ ಹುಟ್ಟಿದ್ದು ಇಲ್ಲಿಂದ. ತುರ್ತಿನಲ್ಲಿ ಚುಚ್ಚಿದ ತೊಡೆಸಂದಿನಲ್ಲೇ ರಕ್ತಸ್ರಾವ ಹೆಚ್ಚು.

ಆದರೆ ‘ಬೇಕೆನಿಸಿದವರು’ ಯಾರು? ಇ.ಎಫ್. ಒಂದನ್ನೇ ನೋಡಿ ತೀರ್ಮಾನಿಸುವುದು ತಪ್ಪು. ಇ.ಎಫ್. ಶೇ. 25 ಇದ್ದರೂ ಬಿ.ಪಿ. 130, ಕುಕ್ಷಿಯೊಳಗಿನ ಒತ್ತಡ 10, ಮೆತ್ತಗಿನ ಒಂದೇ ಬ್ಲಾಕ್, ಒಂದೆರಡು ಸಲ ಬಲೂನ್ ಉಬ್ಬಿಸಿದರೆ ಮುಗಿಯುವ ಕೆಲಸ ಎಂದಾದರೆ ಪಂಪ್ ಬೇಡವೆನ್ನುವವರ ಮಾತೇ ಸರಿ. ಅದೇ ಇ.ಎಫ್., ಒತ್ತಡ 95, ಕುಕ್ಷಿಯೊಳಗೆ 28, ಸುಣ್ಣಗಟ್ಟಿದ ಲೆಫ್ಟ್ ಮೇನ್ ಕವಲು, ರೋಟಾ ಯಂತ್ರದಿಂದ ಕೊರೆಯಬೇಕಾದ ಸ್ಥಿತಿ ಎಂದಾದರೆ ಲೆಕ್ಕವೇ ಬೇರೆ. ಕೊರೆದಾಗ ಉದುರುವ ಪುಡಿ ಕೆಳಗಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವು ಕೆಲವು ನಿಮಿಷ ನಿಧಾನವಾಗಬಹುದು. ಆ ಕೆಲವು ನಿಮಿಷಗಳೇ ಇಂಥ ಹೃದಯಕ್ಕೆ ದುಬಾರಿ.

ಅನುಮಾನವಿದ್ದಲ್ಲಿ ಮೊದಲು ಬಲಹೃದಯದ ಕ್ಯಾಥೆಟರ್ ಪರೀಕ್ಷೆ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತ ಹೆಜ್ಜೆ. ಅದರಿಂದ ಎರಡು ಅಂಕಿ ಸಿಗುತ್ತವೆ. ಒಂದು, ಹೃದಯದ ಶಕ್ತಿ: ಸರಾಸರಿ ರಕ್ತದೊತ್ತಡವನ್ನು ನಿಮಿಷಕ್ಕೆ ಹೃದಯ ತಳ್ಳುವ ಲೀಟರ್‌ನಿಂದ ಗುಣಿಸಿ 451ರಿಂದ ಭಾಗಿಸಬೇಕು. ಒತ್ತಡ 65, ಹೊರಹರಿವು 3.5 ಲೀಟರ್ ಎಂದಾದರೆ ಸುಮಾರು 0.5 ವಾಟ್. 0.6ಕ್ಕಿಂತ ಕೆಳಗೆ ಎಂದರೆ ಮೀಸಲು ಮುಗಿದಿದೆ. ಇನ್ನೊಂದು, ಬಲಹೃದಯದ ಸ್ಥಿತಿ: ಶ್ವಾಸಕೋಶದ ಧಮನಿಯ ಮೇಲಿನ ಒತ್ತಡದಿಂದ ಕೆಳಗಿನದನ್ನು ಕಳೆದು, ಬಲ ಹೃತ್ಕರ್ಣದ ಒತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆ 1ಕ್ಕಿಂತ ಕಡಿಮೆಯಿದ್ದರೆ ಬಲಗಡೆಯೂ ಸೋತಿದೆ. ಎಡಗಡೆಗೆ ಎಂಥ ಪಂಪ್ ಹಾಕಿದರೂ ಬಲಗಡೆಯಿಂದ ರಕ್ತ ಬರದಿದ್ದರೆ ಅದು ತಳ್ಳುವುದಾದರೂ ಏನನ್ನು?

ಇನ್ನು ಯಂತ್ರಗಳ ವಿಷಯ. ಬಲೂನ್ ಪಂಪ್ 1960ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ತೊಡೆಯಿಂದ ಏರಿಸಿದ, ಸಾಮಾನ್ಯವಾಗಿ 40 ಮಿ.ಲೀ. ಹಿಡಿಯುವ ಉದ್ದನೆಯ ಬಲೂನ್ ಎದೆಯ ಮಹಾಪಧಮನಿಯಲ್ಲಿ ಕೂರುತ್ತದೆ. ಮೇಲ್ತುದಿ ಎಡಗೈಗೆ ಹೋಗುವ ನಾಳಕ್ಕಿಂತ 1-2 ಸೆಂ.ಮೀ. ಕೆಳಗಿರಬೇಕು, ಕೆಳತುದಿ ಮೂತ್ರಪಿಂಡದ ನಾಳಗಳಿಗಿಂತ ಮೇಲಿರಬೇಕು. ಹೃದಯ ಸಡಿಲಗೊಂಡಾಗ ಹೀಲಿಯಂ ತುಂಬಿ ಉಬ್ಬುತ್ತದೆ, ಹಿಂಡುವ ಮುನ್ನ ಸರಕ್ಕನೆ ಇಳಿಯುತ್ತದೆ. ಹೀಲಿಯಂ ಹಗುರ, ಸಣ್ಣ ಕೊಳವೆಯಲ್ಲಿ ಬೇಗ ಓಡಾಡುತ್ತದೆ. ಕೊಳವೆಯ ದಪ್ಪ 7.5-8 ಫ್ರೆಂಚ್, ಎಂದರೆ ಸುಮಾರು 2.6 ಮಿ.ಮೀ. ಕಾಲಿಗೆ ಹಿತ. ಆದರೆ ಇದು ಸ್ವತಃ ರಕ್ತ ತಳ್ಳುವುದಿಲ್ಲ, ಹೃದಯಕ್ಕೆ ಕೈಜೋಡಿಸುತ್ತದೆ ಅಷ್ಟೆ. ನಿಮಿಷಕ್ಕೆ ಅರ್ಧ ಲೀಟರ್ ಹೆಚ್ಚಾದರೆ ಹೆಚ್ಚು. ಬಡಿತ ತಾಳ ತಪ್ಪಿದರೆ ಇದರ ಉಪಯೋಗ ಕುಗ್ಗುತ್ತದೆ, ಹೃದಯ ನಿಂತರೆ ಇಲ್ಲವೇ ಇಲ್ಲ. ಮಹಾಪಧಮನಿಯ ಕವಾಟ ಜೋರಾಗಿ ಸೋರುತ್ತಿದ್ದರೆ ಹಾಕುವಂತಿಲ್ಲ. ಹೀಲಿಯಂ ಕೊಳವೆಯಲ್ಲಿ ರಕ್ತದ ಒಂದು ಹನಿ ಅಥವಾ ಕಂದು ಪುಡಿ ಕಂಡರೂ ಬಲೂನ್ ತೂತಾಗಿದೆ ಎಂದೇ ಅರ್ಥ, ಕೂಡಲೇ ನಿಲ್ಲಿಸಿ ತೆಗೆಯಬೇಕು.

ಇಂಪೆಲ್ಲಾ ನಿಜವಾದ ಪಂಪ್. ಆಂಜಿಯೋಪ್ಲಾಸ್ಟಿಯಲ್ಲಿ ಹೆಚ್ಚಾಗಿ ಬಳಸುವ ಸಿ.ಪಿ. ಮಾದರಿಯ ಮೂತಿ ಎಡ ಹೃತ್ಕುಕ್ಷಿಯೊಳಗೆ, ಬಾಲ ಮಹಾಪಧಮನಿಯಲ್ಲಿ ಇರುತ್ತದೆ. ನಡುವಿನ ಪುಟ್ಟ ಸ್ಕ್ರೂ ನಿಮಿಷಕ್ಕೆ 40,000ಕ್ಕೂ ಹೆಚ್ಚು ಸುತ್ತು ತಿರುಗಿ ಕುಕ್ಷಿಯ ರಕ್ತವನ್ನು ಹೀರಿ ಹೊರಗೆ ಬಿಡುತ್ತದೆ. ನಿಮಿಷಕ್ಕೆ ಸುಮಾರು ಮೂರೂವರೆ ಲೀಟರ್ ಸಾಗಿಸಬಲ್ಲದು. ಕುಕ್ಷಿ ಖಾಲಿಯಾಗುವುದರಿಂದ ಒಳಗಿನ ಒತ್ತಡ ಇಳಿಯುತ್ತದೆ, ದುಡಿಮೆ ತಗ್ಗುತ್ತದೆ, ಮೇಲೆ ಹೇಳಿದ ಕಳೆಯುವ ಲೆಕ್ಕದಲ್ಲಿ ಎರಡೂ ಕಡೆ ಲಾಭ. ಪಂಪ್ ಜೋರಾಗಿ ಓಡುವಾಗ ಒತ್ತಡದ ಅಲೆ ಬಹುತೇಕ ಸಪಾಟಾಗಿಬಿಡಬಹುದು, ಮಣಿಕಟ್ಟಿನಲ್ಲಿ ನಾಡಿ ಸಿಗದಿರಬಹುದು, ಬಿ.ಪಿ. ಪಟ್ಟಿ ಅಳೆಯಲಾಗದೆ ಸೋಲಬಹುದು. ಆಗ ಗಾಬರಿಯಾಗಬೇಕಿಲ್ಲ, ಧಮನಿಯೊಳಗಿನ ಕೊಳವೆ ತೋರಿಸುವ ಸರಾಸರಿ ಒತ್ತಡ 65-70 ಇದೆಯೇ ಎಂದಷ್ಟೇ ನೋಡುತ್ತಾರೆ.

ಎಕ್ಮೋ ಎಂದರೆ ಹೃದಯ ಮತ್ತು ಶ್ವಾಸಕೋಶ ಎರಡರ ಕೆಲಸವನ್ನೂ ಹೊರಗಿನಿಂದ ಮಾಡುವ ಯಂತ್ರ. ಬಲಹೃದಯವೂ ಸೋತಾಗ, ಆಮ್ಲಜನಕ ಸಾಲದಾದಾಗ, ಹೃದಯ ನಿಂತಾಗ ಇದೇ ಗತಿ. ಆದರೆ ತೊಡೆಯ ಧಮನಿಯಿಂದ ರಕ್ತವನ್ನು ಮೇಲ್ಮುಖವಾಗಿ ತಳ್ಳುವುದರಿಂದ ಎಡ ಹೃತ್ಕುಕ್ಷಿ ಆ ಒತ್ತಡದ ವಿರುದ್ಧ ದುಡಿಯಬೇಕಾಗುತ್ತದೆ, ದುರ್ಬಲ ಕುಕ್ಷಿ ಇದರಿಂದ ಉಬ್ಬಿಕೊಳ್ಳಬಹುದು. ಯೋಜಿತ ಆಂಜಿಯೋಪ್ಲಾಸ್ಟಿಗೆ ಇದು ಮೊದಲ ಆಯ್ಕೆಯಲ್ಲ.

ಪುರಾವೆ ಏನು ಹೇಳುತ್ತದೆ? ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ನಿಮಗೆ ಮೂರು ಅಭಿಪ್ರಾಯ ಸಿಕ್ಕಿರುವುದು ಇದರಿಂದಲೇ. ಬಿಸಿಐಎಸ್-1 ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಇ.ಎಫ್. ಶೇ. 30 ಅಥವಾ ಕಡಿಮೆ ಇದ್ದ, ಹೃದಯದ ಬಹುಭಾಗ ಅಪಾಯದಲ್ಲಿದ್ದ 301 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮೊದಲೇ ಬಲೂನ್ ಪಂಪ್ ಹಾಕಿದರು. ಆಸ್ಪತ್ರೆಯಲ್ಲಿದ್ದಾಗಿನ ದೊಡ್ಡ ತೊಂದರೆಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ: ಶೇ. 15.2 ಮತ್ತು 16.0. ಪಂಪ್ ಇಲ್ಲದೆ ಶುರುಮಾಡಿದವರಲ್ಲಿ ಶೇ. 12 ಮಂದಿಗೆ ನಡುವೆ ತುರ್ತಾಗಿ ಹಾಕಬೇಕಾಯಿತು. ನಾಲ್ಕು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಮೊದಲೇ ಹಾಕಿಸಿಕೊಂಡವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ ಕಂಡಿತು. ಆದರೆ ಕೆಲವೇ ಗಂಟೆ ಇದ್ದ ಪಂಪ್ ಅಷ್ಟು ವರ್ಷ ಹೇಗೆ ಕಾಪಾಡಿತು ಎಂಬುದಕ್ಕೆ ತೃಪ್ತಿಕರ ವಿವರಣೆಯಿಲ್ಲ. ಅದನ್ನೇ ಆಧಾರ ಮಾಡಿಕೊಂಡು ಎಲ್ಲರಿಗೂ ಹಾಕುವುದು ಸರಿಯಲ್ಲ.

2012ರ ಪ್ರೊಟೆಕ್ಟ್-2 ಅಧ್ಯಯನ ಇಂಪೆಲ್ಲಾದ ಹಳೆಯ, ಚಿಕ್ಕ 2.5 ಮಾದರಿಯನ್ನು ಬಲೂನ್ ಪಂಪ್ ಜೊತೆ ಹೋಲಿಸಿತು. 30 ದಿನಕ್ಕೆ ತೊಂದರೆಗಳು ಇಂಪೆಲ್ಲಾ ಗುಂಪಿನಲ್ಲಿ ಶೇ. 35.1, ಬಲೂನ್ ಪಂಪ್‌ನಲ್ಲಿ ಶೇ. 40.1, ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. 90 ದಿನಕ್ಕೆ ಶೇ. 40.6 ಮತ್ತು 49.3. ಒಲವು ಇಂಪೆಲ್ಲಾ ಕಡೆಗಿದೆ, ಗೆಲುವು ಎನ್ನಲಾಗದು. ಒತ್ತಡವನ್ನು ಎತ್ತಿಹಿಡಿಯುವುದರಲ್ಲಿ ಇಂಪೆಲ್ಲಾ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಪ್ರಾಣ ಉಳಿಸುವುದರಲ್ಲಿ ಮೇಲು ಎನ್ನುವಷ್ಟು ಈ ಅಂಕಿಗಳು ಗಟ್ಟಿಯಿಲ್ಲ.

ಜಾಲತಾಣಗಳಲ್ಲಿ ನಿಮಗೆ ಇನ್ನೊಂದು ಸುದ್ದಿ ಕಂಡಿರಬಹುದು: 2024ರ ಡೇಂಜರ್ ಶಾಕ್ ಅಧ್ಯಯನದಲ್ಲಿ ಇಂಪೆಲ್ಲಾ ಹಾಕಿದ್ದರಿಂದ 180 ದಿನದ ಸಾವು ಶೇ. 58.5ರಿಂದ 45.8ಕ್ಕೆ ಇಳಿಯಿತು ಎಂದು. ಅದು ನಿಜ. ಆದರೆ ಅವರು ದೊಡ್ಡ ಹೃದಯಾಘಾತವಾಗಿ ಶಾಕ್‌ಗೆ (ಹೃದಯ ಸೋತು ಅಂಗಗಳಿಗೆ ರಕ್ತ ಸಾಲದ ಸ್ಥಿತಿಗೆ) ಜಾರಿದ್ದವರು, ಯೋಜಿಸಿ ಆಂಜಿಯೋಪ್ಲಾಸ್ಟಿಗೆ ಬಂದವರಲ್ಲ. ಅಲ್ಲೂ ರಕ್ತಸ್ರಾವ, ಕಾಲಿಗೆ ರಕ್ತ ನಿಲ್ಲುವುದು, ರಕ್ತಕಣ ಒಡೆಯುವುದು ಮುಂತಾದ ತೊಂದರೆಗಳು ಪಂಪ್ ಗುಂಪಿನಲ್ಲಿ ಶೇ. 24, ಇಲ್ಲದವರಲ್ಲಿ ಶೇ. 6.2. ಆ ಲಾಭವನ್ನು ನಿಮ್ಮ ತಂದೆಯವರ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ. ನಷ್ಟದ ಬಗೆಯಾದರೋ ಅದೇ.

ಇದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ಆಂಜಿಯೋಪ್ಲಾಸ್ಟಿ ಯಾತಕ್ಕೆ? 2022ರ ರಿವೈವ್ಡ್ ಅಧ್ಯಯನದಲ್ಲಿ ಇ.ಎಫ್. ಶೇ. 35 ಅಥವಾ ಕಡಿಮೆ ಇದ್ದ 700 ಜನರಲ್ಲಿ ಸ್ಟೆಂಟ್ ಹಾಕಿದವರಿಗೂ ಔಷಧಿ ಮಾತ್ರ ಕೊಟ್ಟವರಿಗೂ ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ತಂದೆಯವರಿಗೆ ಎದೆನೋವು ಕಾಡುತ್ತಿದೆಯೇ, ಬರೀ ಏದುಸಿರೇ? ನೋವು ಔಷಧಿಗೂ ಜಗ್ಗದಿದ್ದರೆ ಅಥವಾ ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಸ್ಟೆಂಟ್‌ಗೆ ಗಟ್ಟಿ ಕಾರಣವಿದೆ. ಬರೀ ಏದುಸಿರಿದ್ದು ಸ್ಥಿತಿ ನಿಂತಿದ್ದರೆ, ಹೃದಯ ವೈಫಲ್ಯದ ನಾಲ್ಕೂ ಬಗೆಯ ಔಷಧಿಗಳು ತಾಳುವಷ್ಟು ಪ್ರಮಾಣದಲ್ಲಿ ಶುರುವಾಗಿವೆಯೇ ಎಂದು ಮೊದಲು ಕೇಳಿ. ಸ್ಟೆಂಟ್ ಹಾಕಿದರೂ ಅವು ಬೇಕೇ ಬೇಕು.

ಮಾಡುವುದೆಂದು ನಿಶ್ಚಯವಾದರೆ, ತಯಾರಿಯಲ್ಲೇ ಅರ್ಧ ಸುರಕ್ಷತೆ ಇದೆ. ಎಕೋದಲ್ಲಿ ಎಡ ಹೃತ್ಕುಕ್ಷಿಯೊಳಗೆ ಹೆಪ್ಪುಗಟ್ಟಿದ ರಕ್ತ ಇಲ್ಲವೆಂದು ಖಾತ್ರಿಯಾಗಬೇಕು. ಇದ್ದರೆ ಇಂಪೆಲ್ಲಾ ಸಲ್ಲದು, ಆ ತುಣುಕು ಮಿದುಳಿಗೆ ಹೋದೀತು. ಲೋಹದ ಕೃತಕ ಮಹಾಪಧಮನಿ ಕವಾಟ ಇದ್ದರೂ ಸಲ್ಲದು. ತೊಡೆಯ ನಾಳಗಳನ್ನು ಸಿ.ಟಿ. ಅಥವಾ ಆಂಜಿಯೋಗ್ರಾಂನಲ್ಲಿ ನೋಡಿ ಅಗಲ ಅಳೆಯಬೇಕು. ಇಂಪೆಲ್ಲಾ ಸಿ.ಪಿ.ಗೆ 14 ಫ್ರೆಂಚ್ ಶೀತ್ (ನಾಳದೊಳಗೆ ದಾರಿಯಾಗಿ ಇಡುವ ಕೊಳವೆ) ಬೇಕು. ಮೂರು ಫ್ರೆಂಚ್‌ಗೆ ಒಂದು ಮಿ.ಮೀ. ಲೆಕ್ಕದಲ್ಲಿ ಒಳಗಿನ ಅಗಲವೇ 4.7 ಮಿ.ಮೀ., ಹೊರಗಿನದು 5 ದಾಟುತ್ತದೆ. ನಾಳ ಐದೂವರೆ ಮಿ.ಮೀ.ಗಿಂತ ಕಿರಿದಾಗಿದ್ದರೆ, ಸುತ್ತಲೂ ಸುಣ್ಣ ಕಟ್ಟಿದ್ದರೆ, ಶೀತ್ ಇರುವಷ್ಟು ಹೊತ್ತೂ ಕಾಲಿಗೆ ರಕ್ತ ಸಾಲದೆ ಹೋಗಬಹುದು. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಇದನ್ನು ಬಿಟ್ಟುಹೋಗಲೇಬಾರದು.

ಚುಚ್ಚುವ ಜಾಗದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಅನಾಹುತಗಳ ಬೇರು ಹೆಚ್ಚಾಗಿ ಇಲ್ಲೇ. ಅಲ್ಟ್ರಾಸೌಂಡ್ ಇಟ್ಟು, ಸಣ್ಣ ಸೂಜಿಯಿಂದ, ತೊಡೆಯ ಧಮನಿ ಎರಡಾಗಿ ಕವಲೊಡೆಯುವುದಕ್ಕಿಂತ ಮೇಲೆ, ತೊಡೆ ಎಲುಬಿನ ಮೇಲ್ತುದಿಯ ಗುಂಡಿನ ನೇರಕ್ಕೆ, ಮುಂಭಾಗದ ಗೋಡೆಯಲ್ಲಿ ಚುಚ್ಚಬೇಕು. ತುಸು ಮೇಲಾದರೆ ಹಿಂದೆ ಒತ್ತಿಹಿಡಿಯಲು ಎಲುಬಿಲ್ಲ. ರಕ್ತ ಹೊರಗೆ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ಲೀಟರ್‌ಗಟ್ಟಲೆ ಶೇಖರವಾಗುತ್ತದೆ. ತುಸು ಕೆಳಗಾದರೆ ನಾಳ ಕಿರಿದು, ಕಾಲು ಕಟ್ಟುತ್ತದೆ. ದೊಡ್ಡ ಶೀತ್ ಏರಿಸುವ ಮೊದಲೇ ಎರಡು ಹೊಲಿಗೆ ಸಾಧನಗಳನ್ನು ಗಡಿಯಾರದ 10 ಮತ್ತು 2ರ ದಿಕ್ಕಿಗೆ ಇಟ್ಟು ದಾರ ಸಿದ್ಧಮಾಡಿಕೊಂಡರೆ ಕೊನೆಗೆ ಗಂಟು ಬಿಗಿದು ಮುಚ್ಚಬಹುದು.

ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧಿ ಕೊಟ್ಟು, ರಕ್ತ ಹೆಪ್ಪುಗಟ್ಟುವ ಸಮಯ 250 ಸೆಕೆಂಡ್ ದಾಟಿದ ಮೇಲೆ ಪಂಪ್ ಒಳಗೆ ಹೋಗುತ್ತದೆ. ಬಾಲದಂತೆ ಸುರುಳಿಯಿರುವ ಕ್ಯಾಥೆಟರ್‌ನಿಂದ ಕವಾಟ ದಾಟಿ, ಆಗಲೇ ಕುಕ್ಷಿಯೊಳಗಿನ ಒತ್ತಡವನ್ನೂ ಅಳೆದುಕೊಂಡು, 0.018 ಇಂಚಿನ ತಂತಿ ಬಿಟ್ಟು, ಅದರ ಮೇಲೆ ಪಂಪ್ ಏರಿಸುತ್ತಾರೆ. ಹೀರುವ ಬಾಯಿ ಕವಾಟದಿಂದ ಸುಮಾರು 3.5 ಸೆಂ.ಮೀ. ಒಳಗೆ, ಕುಕ್ಷಿಯ ಮಧ್ಯದಲ್ಲಿ, ಮೈಟ್ರಲ್ ಕವಾಟದ ಎಳೆಗಳಿಗೆ ತಾಗದಂತೆ ಇರಬೇಕು. ತಂತಿ ಹೊರಬಂದ ಮೇಲೆಯೇ ಮೋಟಾರ್ ಚಾಲೂ. ಮೋಟಾರ್‌ನ ಶಾಫ್ಟ್‌ಗೆ ರಕ್ತ ನುಗ್ಗದಂತೆ ಶೇ. 5 ಡೆಕ್ಸ್‌ಟ್ರೋಸ್ ದ್ರಾವಣ ಒತ್ತಡದಲ್ಲಿ ಸದಾ ಹರಿಯುತ್ತಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹೆಪಾರಿನ್ ಬೆರೆತಿರುವುದರಿಂದ ರೋಗಿಗೆ ಸೇರುವ ಒಟ್ಟು ಹೆಪಾರಿನ್‌ಗೆ ಅದನ್ನೂ ಕೂಡಿಸಬೇಕು. ಪಂಪ್ ರಾತ್ರಿಯಿಡೀ ಉಳಿದಾಗ ಈ ಕೂಡಿಕೆ ಮರೆತುಹೋಗಿ ರಕ್ತಸ್ರಾವವಾಗುವುದುಂಟು.

ಪಂಪ್ ಇದೆ ಎಂದು ಎಲ್ಲ ಬ್ಲಾಕ್‌ಗಳನ್ನೂ ಒಂದೇ ದಿನ ಮುಗಿಸುವ ಆಸೆ ಹುಟ್ಟುತ್ತದೆ. ಲೆಫ್ಟ್ ಮೇನ್ ಮತ್ತು ಅದರ ಕವಲುಗಳನ್ನು ನಾಳದೊಳಗಿನ ಅಲ್ಟ್ರಾಸೌಂಡ್ ನೋಡಿಕೊಂಡು ಅಚ್ಚುಕಟ್ಟಾಗಿ ಮಾಡಲಿ. ಪೂರ್ತಿ ಮುಚ್ಚಿದ ಬಲನಾಳ, ಅದರ ಸ್ನಾಯು ಜೀವಂತವಿದ್ದರೆ, ಇನ್ನೊಂದು ದಿನಕ್ಕಿರಲಿ ಎನ್ನುವುದು ನನ್ನ ಒಲವು. ಕಾರಣ, ನಾಳಗಳು ಎಕ್ಸ್‌ರೇಯಲ್ಲಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧಿ, ಅದು ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಮೂತ್ರಪಿಂಡದ ಸೋಸುವ ಶಕ್ತಿ ತೋರಿಸುವ ಇ.ಜಿ.ಎಫ್.ಆರ್. ಅಂಕಿ 40 ಇದ್ದರೆ ಅದರ ಮೂರು ಪಟ್ಟು, 120 ಮಿ.ಲೀ. ದಾಟದಂತೆ ನೋಡಬೇಕು, ಎರಡು ಪಟ್ಟಿನೊಳಗೆ ಮುಗಿದರೆ ಇನ್ನೂ ಒಳ್ಳೆಯದು.

ನಡುವೆ ಯಂತ್ರ ‘ಸಕ್ಷನ್’ ಎಂದು ಕೂಗಿದರೆ, ಹೀರಲು ಸಾಕಷ್ಟು ರಕ್ತವಿಲ್ಲ ಅಥವಾ ಬಾಯಿ ಗೋಡೆಗೆ ಅಂಟಿದೆ ಎಂದರ್ಥ. ವೇಗವನ್ನು ಒಂದೆರಡು ಹಂತ ಇಳಿಸಿ, ಎಕೋದಲ್ಲಿ ಜಾಗ ನೋಡಿ, ದೇಹದಲ್ಲಿ ದ್ರವ ಕಡಿಮೆಯೋ ಬಲಹೃದಯ ಸೋತಿದೆಯೋ ತೂಗಬೇಕು. ಎಲ್ಲೋ ರಕ್ತ ಸೋರುತ್ತಿರುವುದರ ಮೊದಲ ಸುಳಿವೂ ಇದೇ ಆಗಿರಬಹುದು. ವೇಗ ಹೆಚ್ಚಿಸುವುದು ಇಲ್ಲಿ ತಪ್ಪು ಪ್ರತಿಕ್ರಿಯೆ. ಪಂಪ್ ಗಂಟೆಗಟ್ಟಲೆ ಇದ್ದಾಗ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕೆಂಪು ರಕ್ತಕಣ ಒಡೆಯುತ್ತಿವೆ. ಆಗಲೂ ಮೊದಲು ಜಾಗ ಸರಿಪಡಿಸಬೇಕು.

ಸ್ಟೆಂಟ್ ಮುಗಿದ ಮೇಲೆ ವೇಗವನ್ನು ಎರಡೆರಡು ಹಂತವಾಗಿ, ಪ್ರತಿ ಹಂತದಲ್ಲೂ ಕೆಲವು ನಿಮಿಷ ಕಾದು ಇಳಿಸುತ್ತಾರೆ. ಕಡಿಮೆ ವೇಗದ ಪಿ-2 ಹಂತಕ್ಕೆ ಬಂದಾಗಲೂ ಒತ್ತಡ 65ರ ಮೇಲೆ ನಿಂತರೆ ಮಹಾಪಧಮನಿಗೆ ಎಳೆದು, ಅಲ್ಲಿ ಪೂರ್ತಿ ನಿಲ್ಲಿಸಿ ಹೊರತೆಗೆಯುತ್ತಾರೆ. ಕವಾಟದ ನಡುವೆ ಇರುವಾಗಲೇ ಸೊನ್ನೆಗೆ ಇಳಿಸಿದರೆ ರಕ್ತ ಕೊಳವೆಯ ಮೂಲಕ ಹೃದಯಕ್ಕೆ ವಾಪಸು ನುಗ್ಗುತ್ತದೆ. ಯೋಜಿತ ಪ್ರಕರಣಗಳಲ್ಲಿ ಹೆಚ್ಚಿನವರಿಗೆ ಮೇಜಿನ ಮೇಲೆಯೇ ತೆಗೆಯಲು ಆಗುತ್ತದೆ, ಹಾಗೆ ತೆಗೆಯುವುದೇ ಗುರಿಯಾಗಿರಬೇಕು.

ಈಗ ನಿಮ್ಮ ತಂದೆಯವರ ವಿಷಯ. ನೀವು ಬರೆದ ಚಿತ್ರದ ಪ್ರಕಾರ ಲೆಫ್ಟ್ ಮೇನ್, ಮುಚ್ಚಿದ ಬಲನಾಳ, ಶೇ. 25 ಇ.ಎಫ್. ಮೂರೂ ಒಟ್ಟಿಗಿವೆ. ಕುಕ್ಷಿಯೊಳಗಿನ ಒತ್ತಡ 20ರ ಮೇಲಿದ್ದು, ಸುಣ್ಣ ಕೊರೆಯುವ ಕೆಲಸವಿದ್ದು, ತೊಡೆಯ ನಾಳ ಅಗಲವಾಗಿದ್ದರೆ ಇಂಪೆಲ್ಲಾ ಮೊದಲೇ ಹಾಕುವುದು ಒಪ್ಪತಕ್ಕದ್ದು. ಒತ್ತಡ ಚೆನ್ನಾಗಿದ್ದು ಕೆಲಸ ಸರಳವಿದ್ದರೆ, ಎದುರು ತೊಡೆಯಲ್ಲಿ ಸಣ್ಣ ಶೀತ್ ಇಟ್ಟುಕೊಂಡು, ಯಂತ್ರವನ್ನು ಕೋಣೆಯಲ್ಲೇ ಸಿದ್ಧವಾಗಿಟ್ಟು, ಪಂಪ್ ಇಲ್ಲದೆ ಆರಂಭಿಸಬಹುದು. ನಾಳ ಕಿರಿದಾಗಿದ್ದರೆ ಬಲೂನ್ ಪಂಪ್ ಹೇಳಿದವರ ಮಾತಿಗೆ ತೂಕ ಬರುತ್ತದೆ. ವೈದ್ಯರನ್ನು ಇಷ್ಟು ಕೇಳಿ: ಕುಕ್ಷಿಯೊಳಗಿನ ಒತ್ತಡ ಎಷ್ಟು? ತೊಡೆಯ ನಾಳ ಎಷ್ಟು ಮಿ.ಮೀ.? ಈ ತಂಡ ಇಂಥ ಪಂಪ್‌ಗಳನ್ನು ಪದೇಪದೇ ಹಾಕುತ್ತದೆಯೇ? ಕಾಲಿಗೆ ತೊಂದರೆಯಾದರೆ ರಕ್ತನಾಳದ ಸರ್ಜನ್ ಅದೇ ಕಟ್ಟಡದಲ್ಲಿ ಸಿಗುತ್ತಾರೆಯೇ? ಪಂಪ್ ತೆಗೆಯಲಾಗದಿದ್ದರೆ ಮುಂದೇನು?

ವಾರ್ಡಿಗೆ ಬಂದಮೇಲೆ ಮೊದಲ ಒಂದು ದಿನ ನೀವೂ ಗಮನಿಸಬಹುದಾದ್ದಿದೆ. ಎರಡೂ ಪಾದಗಳನ್ನು ಮುಟ್ಟಿ ನೋಡಿ. ಚುಚ್ಚಿದ ಕಡೆಯ ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ, ಜೋಮು ಹಿಡಿದಿದೆ ಎಂದರೆ, ಬೆರಳಾಡಿಸಲು ಆಗದಿದ್ದರೆ ಆ ಕ್ಷಣವೇ ಕರೆಯಿರಿ. ಸೊಂಟದ ಮೇಲೆ ಬೆನ್ನಿನಲ್ಲಿ ಹೊಸ ನೋವು, ಬೆವರು, ನಾಡಿಯ ಓಟ ಕಂಡರೆ, ಬ್ಯಾಂಡೇಜ್ ಒಣಗಿಯೇ ಇದ್ದರೂ ‘ಒಳಗೆ ರಕ್ತ ಸೋರುತ್ತಿರಬಹುದೇ, ಸ್ಕ್ಯಾನ್ ಮಾಡಿ’ ಎಂದು ಕೇಳಲು ಹಿಂಜರಿಯಬೇಡಿ.